ವೆಂಟಿಲೇಟರ್ ಹಾಕೋಕೆ ಒಂದು ಸಹಿ, ತೆಗೆಯೋಕೆ?

ನಮ್ಮ ಕೆರೆಬಿಳಚಿ ಕಡೆ ಹಿರಿಯರಿಗೆ ಸೀರಿಯಸ್ ಆದ್ರೆ ಗಾಡಿ ದಾವಣಗೆರೆಗೋ ಶಿವಮೊಗ್ಗಕ್ಕೋ ಓಡುತ್ತೆ. ಐಸಿಯು ಬಾಗಿಲಲ್ಲಿ ಡಾಕ್ಟರು, "ವೆಂಟಿಲೇಟರ್ ಹಾಕಬೇಕು, ಏನ್ ಹೇಳ್ತೀರಾ?" ಅಂತಾರೆ. ಮಗ ಸಹಿ ಹಾಕ್ತಾನೆ. ಮುಂದೆ ಅದನ್ನ ತೆಗೆಯೋದು ಯಾರು ಹೇಳಬೇಕು? ನಮ್ಮ ದೇಶದ ಕಾನೂನು ಈ ಪ್ರಶ್ನೆಗೆ ಉತ್ತರ ಹುಡುಕಿದ್ದು ಉತ್ತರ ಕನ್ನಡದ ಒಬ್ಬ ಹೆಣ್ಣುಮಗಳ ಹಾಸಿಗೆ ಪಕ್ಕದಲ್ಲಿ.

ಅರುಣಾ ಶಾನಭಾಗ. ಹೊನ್ನಾವರ ತಾಲೂಕಿನ ಹಳದೀಪುರದವರು, ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ನಡೆಸಿದ ಕ್ರೂರ ದಾಳಿಯಿಂದ ಮೆದುಳಿಗೆ ಏಟಾಯ್ತು. ಆಮೇಲೆ ಅವರು ಹಾಸಿಗೆ ಬಿಟ್ಟು ಏಳಲೇ ಇಲ್ಲ. ವೆಂಟಿಲೇಟರ್ ಏನೂ ಇರಲಿಲ್ಲ. ನರ್ಸ್‌ಗಳೇ ಊಟ ಮಾಡಿಸ್ತಿದ್ದರು. ಆ ಊಟ ನಿಲ್ಲಿಸಿ, ನೆಮ್ಮದಿಯಾಗಿ ಹೋಗೋಕೆ ಬಿಡಿ ಅಂತ ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು.

ನರ್ಸ್‌ಗಳು ಒಪ್ಪಲಿಲ್ಲ. ಅರುಣಾ ಜೊತೆ ಕೆಲಸ ಮಾಡಿದವರು ನಿವೃತ್ತರಾಗಿದ್ದರು, ಅವರನ್ನ ನೋಡಿಕೊಳ್ತಿದ್ದವರು ಹೊಸ ತಲೆಮಾರಿನವರು. ಇಷ್ಟು ವರ್ಷ ಮಲಗಿದ್ದ ಮೈಮೇಲೆ ಒಂದು ಬೆಡ್‌ಸೋರ್ ಇರಲಿಲ್ಲ. ನನ್ನ ಪ್ರಕಾರ ಅದು ಡ್ಯೂಟಿ ಅಲ್ಲ, ಪೂಜೆ. 2011ರ ಮಾರ್ಚ್ 7ರ ತೀರ್ಪು ಚಿಕಿತ್ಸೆ ನಿಲ್ಲಿಸೋ ದಾರಿಯನ್ನ ತೆರೆಯಿತು, ಆದರೆ ಅರುಣಾ ಪರ ಮಾತಾಡೋ ಹಕ್ಕು ಕೆಇಎಂ ಸಿಬ್ಬಂದಿಯದ್ದು ಅಂದಿತು. ನರ್ಸ್‌ಗಳು ಸಿಹಿ ಹಂಚಿದರು. 2015ರ ಮೇ 18ರಂದು, ನ್ಯುಮೋನಿಯಾದಿಂದ ಅರುಣಾ ತೀರಿಕೊಂಡರು. ಅರುಣಾಗೆ ಏನು ಬೇಕಿತ್ತು ಅನ್ನೋದು ಮಾತ್ರ ಯಾವ ಕಾಗದದಲ್ಲೂ ಇರಲಿಲ್ಲ.

ಆ ಕಾಗದಕ್ಕೆ ಜಾಗ ಸಿಕ್ಕಿದ್ದು 2018ರ ಮಾರ್ಚ್ 9ರಂದು. ಲಿವಿಂಗ್ ವಿಲ್, ಅಂದ್ರೆ ಪ್ರಜ್ಞೆ ಇರುವಾಗಲೇ ಬರೆದಿಡೋ ಉಯಿಲು, ಸಿಂಧು ಅಂತ ಸುಪ್ರೀಂ ಕೋರ್ಟ್ ಹೇಳಿತು. ಆಗ ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು, ಯಾರು ಅಲೆದಾಡ್ತಾರೆ ಹೇಳಿ! 2023ರಲ್ಲಿ ಇಬ್ಬರು ಸಾಕ್ಷಿ, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು ಅಂತ ಸರಳ ಮಾಡಿದರು. 2025ರ ಜನವರಿ 30ರಂದು ಕರ್ನಾಟಕ ಸರ್ಕಾರ ಇದನ್ನೇ ಸುತ್ತೋಲೆಯಾಗಿ ಹೊರಡಿಸಿತು. ತಲಾ ಮೂವರು ವೈದ್ಯರ ಎರಡು ಮಂಡಳಿ ಒಪ್ಪಬೇಕು, ಮನೆಯವರು ಒಪ್ಪಬೇಕು, ನ್ಯಾಯಾಲಯಕ್ಕೆ ಪ್ರತಿ ಹೋಗಬೇಕು.

ಆಗ ಎಲ್ಲರ ಬಾಯಲ್ಲೂ ಬಂದ ಹೆಸರು ನಮ್ಮ ದಾವಣಗೆರೆಯ ನಿವೃತ್ತ ಶಿಕ್ಷಕಿ ಕರಿಬಸಮ್ಮನವರದ್ದು. ಎರಡು ದಶಕಕ್ಕೂ ಹೆಚ್ಚು ಕಾಲ ಘನತೆಯ ಸಾವಿಗಾಗಿ ಹೋರಾಡಿದವರು. ಒಂದು ವಿಷಯ ಸ್ಪಷ್ಟ ಇರಲಿ: ಇಂಜೆಕ್ಷನ್ ಕೊಟ್ಟು ಸಾಯಿಸೋದಕ್ಕೆ ನಮ್ಮಲ್ಲಿ ಇವತ್ತಿಗೂ ಅನುಮತಿ ಇಲ್ಲ. ಗುಣವಾಗದ ರೋಗಿಯ ಜೀವ ಹಿಡಿದಿಡೋ ಚಿಕಿತ್ಸೆ ನಿಲ್ಲಿಸೋದಕ್ಕೆ, ಇಲ್ಲವೇ ಶುರು ಮಾಡದಿರೋದಕ್ಕಷ್ಟೇ ಅವಕಾಶ.

"ದೇವರು ಒಪ್ತಾನಾ?" ಮನೆಗಳಲ್ಲಿ ಮೊದಲು ಬರೋ ಪ್ರಶ್ನೆ ಇದೇ ಅಲ್ವಾ? ಧರ್ಮಗುರುಗಳು ಇದನ್ನ ಯೋಚಿಸದೆ ಬಿಟ್ಟಿಲ್ಲ. ಆಸ್ಪತ್ರೆಗಳಿಗೆ ಉಸಿರಾಟದ ಯಂತ್ರ ಆಗಷ್ಟೇ ಬರ್ತಿದ್ದ 1957ರಲ್ಲೇ ಪೋಪ್ ಹನ್ನೆರಡನೇ ಪಯಸ್, ಅಸಾಧಾರಣ ಚಿಕಿತ್ಸೆ ಮುಂದುವರಿಸಲೇಬೇಕು ಅಂತಿಲ್ಲ ಅಂದರು. ಮೆದುಳು ಪೂರ್ತಿ ಸತ್ತಿದೆ ಅಂತ ವೈದ್ಯರು ಖಚಿತಪಡಿಸಿದರೆ ಯಂತ್ರ ತೆಗೆಯಬಹುದು ಅಂತ 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ್ದ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ಹೇಳಿತು.

ಹಾಸಿಗೆ ಪಕ್ಕ ಕೂತು ಯಾಸೀನ್ ಓದಬೇಕು, ಹಣೆಗೆ ವಿಭೂತಿ ಹಚ್ಚಬೇಕು ಅನ್ನೋದು ನಮ್ಮೂರಿನ ಮನೆಗಳ ಆಸೆ. ಐಸಿಯುನಲ್ಲಿ ಭೇಟಿ ಅಂದ್ರೆ ಕೆಲವೇ ನಿಮಿಷ. ಹಾಗಾಗಿ ಯಂತ್ರದ ಬಗ್ಗೆ ಬರೆಯೋವಾಗಲೇ ಇದನ್ನೂ ಬರೆದಿಡಿ. ಉಯಿಲಿನಲ್ಲಿ ತಮ್ಮ ಪರ ಮಾತಾಡೋರ ಹೆಸರು ಕೊಡಬೇಕು. ನಿಮ್ಮಜ್ಜಿ ಯಾರ ಹೆಸರು ಹೇಳ್ತಾರೆ? ಇವತ್ತು ರಾತ್ರಿ ಊಟ ಆದ್ಮೇಲೆ ಕೇಳಿ.