ಮೇಜರ್ ಟೇಲರ್

ಮೇಜರ್ ಟೇಲರ್ (26 ನವೆಂಬರ್ 1878 – 21 ಜೂನ್ 1932): ಅಮೆರಿಕದ ಕಪ್ಪುವರ್ಣೀಯ ಟ್ರ್ಯಾಕ್ ಸೈಕಲ್ ಪಟು, 1899ರ ವಿಶ್ವ ಸ್ಪ್ರಿಂಟ್ ಚಾಂಪಿಯನ್. ಪೂರ್ಣ ಹೆಸರು ಮಾರ್ಷಲ್ ವಾಲ್ಟರ್ ಟೇಲರ್. ಯಾವುದೇ ಕ್ರೀಡೆಯಲ್ಲಿ ವಿಶ್ವಪಟ್ಟ ಗೆದ್ದ ಮೊದಲ ಕಪ್ಪುವರ್ಣೀಯ ಈತನೆಂಬ ಮಾತು ಹಲವೆಡೆ ಕಾಣುತ್ತದೆ. ಅದು ಸರಿಯಲ್ಲ, ಕೆನಡಾದಲ್ಲಿ ಹುಟ್ಟಿದ ಬಾಕ್ಸರ್ ಜಾರ್ಜ್ ಡಿಕ್ಸನ್ ಅಷ್ಟರಲ್ಲಾಗಲೇ ವಿಶ್ವಪಟ್ಟ ಗಳಿಸಿದ್ದ. ಸೈಕಲ್ ಕ್ರೀಡೆಯ ಮಟ್ಟಿಗೆ ಟೇಲರನೇ ಮೊದಲಿಗ.

ಆರಂಭ: ಹುಟ್ಟಿದ್ದು ಇಂಡಿಯಾನಾಪೊಲಿಸ್‌ನಲ್ಲಿ. ಹುಡುಗನಾಗಿದ್ದಾಗ ಸೈಕಲ್ ಅಂಗಡಿಯೊಂದರ ಮುಂದೆ ಸಿಪಾಯಿಯ ಸಮವಸ್ತ್ರ ತೊಟ್ಟು ಕಸರತ್ತು ಮಾಡುತ್ತಿದ್ದುದರಿಂದ 'ಮೇಜರ್' ಎಂಬ ಹೆಸರು ಅಂಟಿಕೊಂಡಿತು. ತರಬೇತುದಾರ ಲೂಯಿ ಮಂಗರ್ ಈತನನ್ನು ಮ್ಯಾಸಚೂಸೆಟ್ಸ್‌ನ ವೂಸ್ಟರ್ ನಗರಕ್ಕೆ ಕರೆದೊಯ್ದ. 1896ರ ಡಿಸೆಂಬರ್‌ನಲ್ಲಿ, 18ರ ವಯಸ್ಸಿನಲ್ಲಿ, ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ ಆರು ದಿನಗಳ ರೇಸಿನಲ್ಲಿ 1,732 ಮೈಲಿ ತುಳಿದು ಎಂಟನೆಯವನಾದ. ಆದರೆ ಈತನ ನಿಜವಾದ ಬಲ ಕಡಿಮೆ ದೂರದ ಸ್ಪ್ರಿಂಟ್. ಹ್ಯಾಂಡಲನ್ನು ಮುಂದಕ್ಕೆ ಚಾಚಿ ಕೂರಿಸುವ, ಹಿಂದೆ ಮುಂದೆ ಸರಿಸಬಹುದಾದ ಕೊಂಡಿಯೊಂದನ್ನು ಬಳಸಿ, ಬೆನ್ನನ್ನು ನೆಲಕ್ಕೆ ಸಮಾನಾಂತರವಾಗಿ ಬಗ್ಗಿಸಿ ತುಳಿಯುತ್ತಿದ್ದ. ಈ ಕೊಂಡಿಗೆ ಮುಂದೆ ಈತನ ಹೆಸರೇ ಬಂತು.

ಎದುರಾಳಿಗಳು ಒಟ್ಟುಗೂಡಿ ದಾರಿ ಕಟ್ಟುವುದು, ಬೀಳಿಸುವುದು ನಡೆದೇ ಇತ್ತು. 1897ರ ಸೆಪ್ಟೆಂಬರ್‌ನಲ್ಲಿ ಟಾಂಟನ್‌ನಲ್ಲಿ ವಿಲಿಯಂ ಬೆಕರ್ ಎಂಬ ಸ್ಪರ್ಧಿ, ರೇಸ್ ಮುಗಿದ ಮೇಲೆ, ಟೇಲರ್ ಪ್ರಜ್ಞೆ ತಪ್ಪುವವರೆಗೆ ಕತ್ತು ಹಿಸುಕಿದ. ಅವನಿಗೆ ಬಿದ್ದ ಶಿಕ್ಷೆ ದಂಡ ಮಾತ್ರ.

1899ರ ಗೊಂದಲ: ಆ ವರ್ಷದ ಆಗಸ್ಟ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ಟೇಲರ್ ವಿಶ್ವ ಚಾಂಪಿಯನ್‌ಷಿಪ್‌ನ ಒಂದು ಮೈಲಿಯ ಸ್ಪ್ರಿಂಟ್ ಗೆದ್ದ, ಟಾಮ್ ಬಟ್ಲರ್ ಎರಡನೆಯವನಾದ. ಗೆಲುವಿನ ಬಗ್ಗೆ ಸಂಶಯವಿಲ್ಲ, ಅದರ ತೂಕದ ಬಗ್ಗೆ ತಕರಾರಿದೆ. ಅಮೆರಿಕದ ಸೈಕಲ್ ಆಡಳಿತ ಆಗ ಎರಡು ಹೋಳಾಗಿತ್ತು: ಹಳೆಯ ಲೀಗ್ ಆಫ್ ಅಮೆರಿಕನ್ ವೀಲ್‌ಮೆನ್ ಒಂದು ಕಡೆ, ಭಾನುವಾರವೂ ರೇಸ್ ನಡೆಸಲು ಬಯಸಿದವರು ಕಟ್ಟಿದ ನ್ಯಾಷನಲ್ ಸೈಕ್ಲಿಂಗ್ ಅಸೋಸಿಯೇಷನ್ ಇನ್ನೊಂದು ಕಡೆ. ಎರಡನೆಯ ಬಣದ ಸವಾರರು ಮಾಂಟ್ರಿಯಲ್‌ಗೆ ಬರಲಿಲ್ಲ. ಈ ಒಡಕಿನಿಂದ ಆ ವರ್ಷ ಅಮೆರಿಕಕ್ಕೆ ಇಬ್ಬರು ರಾಷ್ಟ್ರೀಯ ಚಾಂಪಿಯನ್ನರು: ಲೀಗ್‌ನ ಲೆಕ್ಕದಲ್ಲಿ ಟೇಲರ್, ಅಸೋಸಿಯೇಷನ್ನಿನ ಲೆಕ್ಕದಲ್ಲಿ ಟಾಮ್ ಕೂಪರ್. ಕಪ್ಪುವರ್ಣೀಯರಿಗೆ ಸದಸ್ಯತ್ವವಿಲ್ಲವೆಂದು 1894ರಲ್ಲಿ ನಿರ್ಣಯಿಸಿದ್ದು ಇದೇ ಲೀಗ್. ಭಾನುವಾರ ಸ್ಪರ್ಧಿಸಲೊಲ್ಲದ ಬ್ಯಾಪ್ಟಿಸ್ಟ್ ಟೇಲರ್ ಮಾತ್ರ ಆಗ ಅದರ ಕಡೆಯೇ ಇದ್ದ. 1900ರಲ್ಲಿ ಅಸೋಸಿಯೇಷನ್ನೂ ಈತನನ್ನು ಸೇರಿಸಿಕೊಂಡಿತು. ಅದರ ಸ್ಪರ್ಧೆಗಳಲ್ಲೂ ಗೆದ್ದು ಅಮೆರಿಕದ ಏಕೈಕ ಸ್ಪ್ರಿಂಟ್ ಚಾಂಪಿಯನ್ನಾದ.

ಯುರೋಪ್ ಮತ್ತು ಆಸ್ಟ್ರೇಲಿಯ: ಉಳಿದ ಸಂಶಯಕ್ಕೆ ಉತ್ತರ ಸಿಕ್ಕಿದ್ದು 1901ರಲ್ಲಿ, ಪ್ಯಾರಿಸ್‌ನಲ್ಲಿ. 1900ರ ವಿಶ್ವ ಚಾಂಪಿಯನ್, ಫ್ರಾನ್ಸಿನ ಎಡ್ಮಂಡ್ ಜಾಕ್ಲೆನ್‌ಗೆ ಮೇ 16ರಂದು ಚಳಿಯಲ್ಲಿ ಸೋತ ಟೇಲರ್, ಮೇ 27ರಂದು ಅವನನ್ನು ಸತತ ಎರಡು ಸುತ್ತುಗಳಲ್ಲಿ ಸೋಲಿಸಿದ. 1903 ಮತ್ತು 1904ರಲ್ಲಿ ಆಸ್ಟ್ರೇಲಿಯದಲ್ಲಿ ಸ್ಪರ್ಧಿಸಿದ. ಮಗಳು ಸಿಡ್ನಿಯಲ್ಲಿ ಹುಟ್ಟಿದಳು. 1910ರಲ್ಲಿ ನಿವೃತ್ತನಾದ.

ಕೊನೆಯ ವರ್ಷಗಳು: ವ್ಯವಹಾರದಲ್ಲಿ ನಷ್ಟ, ಅನಾರೋಗ್ಯ ಎರಡೂ ಬಂದವು. ಆತ್ಮಕಥೆಯನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ ಮನೆಮನೆಗೆ ಮಾರಿದ. ಈ ಪುಸ್ತಕವೇ ದೀರ್ಘಕಾಲ ಮುಖ್ಯ ಆಕರವಾಗಿತ್ತು. ರೇಸುಗಳು ಮುಗಿದು ದಶಕಗಳಾದ ಮೇಲೆ ಬರೆದದ್ದಾದ್ದರಿಂದ ಅದನ್ನು ಅಂದಿನ ಪತ್ರಿಕೆಗಳೊಂದಿಗೆ ತಾಳೆ ನೋಡಬೇಕು. 1988ರಲ್ಲಿ ಆಂಡ್ರ್ಯೂ ರಿಚೀ ಬರೆದ ಜೀವನಚರಿತ್ರೆ ಈ ಕೆಲಸಕ್ಕೆ ಅಡಿಪಾಯ ಹಾಕಿತು. ಶಿಕಾಗೋದ ಆಸ್ಪತ್ರೆಯ ಧರ್ಮಾರ್ಥ ವಾರ್ಡಿನಲ್ಲಿ ಸತ್ತ ಟೇಲರನನ್ನು ಗುರುತಿಲ್ಲದ ಗೋರಿಯಲ್ಲಿ ಹೂಳಲಾಗಿತ್ತು. 1948ರಲ್ಲಿ ಹಳೆಯ ಸೈಕಲ್ ಪಟುಗಳು, ಸೈಕಲ್ ತಯಾರಕ ಫ್ರಾಂಕ್ ಶ್ವಿನ್ ಕೊಟ್ಟ ಹಣದಿಂದ, ಅದೇ ಸ್ಮಶಾನದ ಒಳ್ಳೆಯ ಜಾಗಕ್ಕೆ ದೇಹವನ್ನು ಸಾಗಿಸಿ ಫಲಕ ಹಾಕಿಸಿದರು. ಇಂಡಿಯಾನಾಪೊಲಿಸ್‌ನಲ್ಲಿ 1982ರಲ್ಲಿ ತೆರೆದ ವೆಲೊಡ್ರೋಮ್‌ಗೆ ಈತನ ಹೆಸರಿದೆ; ವೂಸ್ಟರ್‌ನಲ್ಲಿ 2008ರಲ್ಲಿ ಸ್ಮಾರಕ ನಿರ್ಮಾಣವಾಯಿತು.