ವ್ಯೂ (ಡೇಟಾಬೇಸ್)

ಡೇಟಾಬೇಸ್‌ನ ಟೇಬಲ್‌ನಿಂದ ಬೇಕಾದ ಸಾಲು, ಕಾಲಂಗಳನ್ನಷ್ಟೇ ಆಯ್ದು ತೋರಿಸಲು ಹೆಸರಿಟ್ಟು ಉಳಿಸಿದ ಕ್ವೆರಿಯೇ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ವ್ಯೂ. ಸಾಮಾನ್ಯ ವ್ಯೂ ಮಾಹಿತಿಯ ನಕಲನ್ನು ಇಟ್ಟುಕೊಳ್ಳುವುದಿಲ್ಲ. ಕೇಳಿದಾಗಲೆಲ್ಲ ಮೂಲ ಟೇಬಲ್‌ನಿಂದಲೇ ತಂದುಕೊಡುತ್ತದೆ.

ಇದರ ಅಗತ್ಯ ತಿಳಿಯಲು ಜಮೀನಿನ ದಾಖಲೆಯಾದ ಪಹಣಿಯನ್ನು ನೋಡಬಹುದು. ಕೈಬರಹದ ಪಹಣಿಯನ್ನು ಕರ್ನಾಟಕದ ‘ಭೂಮಿ’ ಯೋಜನೆ ಕಂಪ್ಯೂಟರಿಗೆ ತಂದಿತು. ಇಂಥ ದಾಖಲೆಯಲ್ಲಿ ನಾವುಂದ ಎಂಬ ಊರಿನ ಗ್ರಾಮ ಆಡಳಿತ ಅಧಿಕಾರಿಗೆ ಆ ಊರಿನ ಸರ್ವೆ ನಂಬರು, ಹಿಸ್ಸಾಗಳು ಕಂಡರೆ ಸಾಕು. ತಹಶೀಲ್ದಾರರಿಗೆ ಇಡೀ ತಾಲ್ಲೂಕು ಬೇಕು. ಒಬ್ಬೊಬ್ಬರಿಗೂ ಬೇರೆ ಟೇಬಲ್ ಮಾಡಿದರೆ, ಖಾತೆ ಬದಲಾದಾಗ ಒಂದರಲ್ಲಿ ಹೊಸ ಹೆಸರು, ಇನ್ನೊಂದರಲ್ಲಿ ಹಳೆಯ ಹೆಸರು ಉಳಿದು ತಕರಾರಿಗೆ ದಾರಿಯಾಗುತ್ತದೆ. ವ್ಯೂ ಬಳಸಿದರೆ ಸತ್ಯ ಒಂದೇ ಕಡೆ ಇರುತ್ತದೆ. ಹಿಂದೆ ಕುಂದಾಪುರ ತಾಲ್ಲೂಕಿನಲ್ಲಿದ್ದ ನಾವುಂದ ಈಗ ಬೈಂದೂರು ತಾಲ್ಲೂಕಿನದು. ಇಂಥ ಬದಲಾವಣೆಗೆ ಮೂಲ ಟೇಬಲ್‌ನಲ್ಲಿ ತಾಲ್ಲೂಕಿನ ಹೆಸರು ತಿದ್ದಿದರೆ ಸಾಕು. ಕುಂದಾಪುರದ ವ್ಯೂನಿಂದ ಆ ಸಾಲುಗಳು ತಾವಾಗಿಯೇ ಬಿಟ್ಟುಹೋಗಿ ಬೈಂದೂರಿನದರಲ್ಲಿ ಕಾಣಿಸುತ್ತವೆ.

1970ರಲ್ಲಿ ಐಬಿಎಂನ ಇ. ಎಫ್. ಕಾಡ್, ಮಾಹಿತಿಯನ್ನು ಟೇಬಲ್‌ಗಳಾಗಿ ಇಡುವ ರಿಲೇಷನಲ್ ಮಾದರಿಯನ್ನು ಮುಂದಿಟ್ಟರು. 1975ರಲ್ಲಿ ಅದೇ ಸಂಸ್ಥೆಯ ಚೇಂಬರ್ಲಿನ್, ಗ್ರೇ, ಟ್ರೈಗರ್ ವ್ಯೂ ಮತ್ತು ಅಧಿಕಾರ ನಿಯಂತ್ರಣವನ್ನು ಒಂದೇ ಪ್ರಬಂಧದಲ್ಲಿ ಚರ್ಚಿಸಿದರು. ಇದು ಮುಖ್ಯವಾದ ಜೋಡಣೆ: ಟೇಬಲ್ ಮುಟ್ಟಲು ಬಿಡದೆ ವ್ಯೂ ಓದಲು ಮಾತ್ರ ಅನುಮತಿ ಕೊಟ್ಟರೆ, ಉಳಿದ ಸಾಲುಗಳು ಆ ಬಳಕೆದಾರರ ಕಣ್ಣಿಗೇ ಬೀಳುವುದಿಲ್ಲ. ಅದೇ ವರ್ಷ ಬರ್ಕ್ಲಿಯ ಸ್ಟೋನ್‌ಬ್ರೇಕರ್, ವ್ಯೂ ಮೇಲಿನ ಕ್ವೆರಿಯನ್ನು ಮೂಲ ಟೇಬಲ್‌ನ ಕ್ವೆರಿಯಾಗಿ ಮಾರ್ಪಡಿಸುವ ವಿಧಾನವನ್ನು ವಿವರಿಸಿದರು. ಡೇಟಾಬೇಸ್ ಭಾಷೆಯಾದ ಎಸ್‌ಕ್ಯೂಎಲ್‌ನ 1986ರ ಮಾನಕದಲ್ಲಿ ವ್ಯೂ ಸೇರಿತು.

ಓದುವುದು ಸುಲಭ, ತಿದ್ದುವುದು ಕಷ್ಟ. ನಾವುಂದದ ವ್ಯೂನಲ್ಲಿ ಕೂತು ಯಾರಾದರೂ ಊರಿನ ಹೆಸರನ್ನು ‘ಮರವಂತೆ’ ಎಂದು ಬದಲಿಸಿದರೆ ಆ ಸಾಲು ತಿದ್ದಿದವರಿಗೇ ಮರೆಯಾಗುತ್ತದೆ. ಇದನ್ನು ತಡೆಯುವುದೇ ‘ವಿತ್ ಚೆಕ್ ಆಪ್ಷನ್’: ವ್ಯೂನ ಷರತ್ತಿಗೆ ಹೊಂದದ ಬದಲಾವಣೆಯನ್ನು ಅದು ನಿರಾಕರಿಸುತ್ತದೆ. ತಿದ್ದಲು ಬಿಡುವ ಸಾಲುಗಳನ್ನು ಆಯ್ದು ತೋರಿಸುವ ಪ್ರತಿ ವ್ಯೂಗೂ ಇದನ್ನು ಹಾಕಲೇಬೇಕು. ಲೆಕ್ಕದ ಮೊತ್ತ ತೋರಿಸುವ ವ್ಯೂಗಳನ್ನು ತಿದ್ದುವ ಪ್ರಶ್ನೆಯೇ ಬರುವುದಿಲ್ಲ.

ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶಕ್ಕೆ ವ್ಯೂ ಬಂದದ್ದು 2005ರ 5.0 ಆವೃತ್ತಿಯಲ್ಲಿ. ಉತ್ತರವನ್ನೇ ಉಳಿಸಿಡುವ ಮೆಟೀರಿಯಲೈಸ್ಡ್ ವ್ಯೂ ಇನ್ನೊಂದು ತಂತ್ರಾಂಶವಾದ ಪೋಸ್ಟ್‌ಗ್ರೆಸ್‌ನಲ್ಲಿ 2013ರಲ್ಲಿ ಸೇರಿತು. ಅದು ವೇಗದ್ದು, ಆದರೆ ಅಲ್ಲಿ ಹೊಸದಾಗಿ ತುಂಬಿಸುವವರೆಗೆ ಹಳೆಯ ಮಾಹಿತಿಯನ್ನೇ ತೋರಿಸುತ್ತದೆ. ಇಂದು ಆದ ಖಾತೆ ಬದಲಾವಣೆ ಇಂದೇ ಕಾಣಬೇಕಾದ ಪಹಣಿಯಂಥ ದಾಖಲೆಗೆ ಸಾಮಾನ್ಯ ವ್ಯೂವೇ ಸರಿ.