ಜಮಖಂಡಿ ಭಾಗದಲ್ಲಿ ಸ್ಕೌಟ್ಸ್–ಗೈಡ್ಸ್: ಬಾಲಕ, ಬಾಲಕಿಯರಿಬ್ಬರಿಗೂ ದಳ ಹುಡುಕುವುದು, ಇಲ್ಲವಾದರೆ ಕಟ್ಟುವುದು

ಜಮಖಂಡಿ: ಸ್ವಾತಂತ್ರ್ಯ ದಿನದ ಪರೇಡಿನಲ್ಲಿ ಕೊರಳಿಗೆ ಸ್ಕಾರ್ಫ್ ಕಟ್ಟಿ ಸಾಲಾಗಿ ನಿಲ್ಲುವ ಹುಡುಗರು ಎಂಬಷ್ಟಕ್ಕೆ ಸ್ಕೌಟ್ಸ್ ಪರಿಚಯ ಅನೇಕರಲ್ಲಿ ಮುಗಿದುಹೋಗುತ್ತದೆ. ಆ ಸಾಲಿನಲ್ಲಿ ಹುಡುಗಿಯರಿಗೂ ಸಮನಾದ ಸ್ಥಾನವಿದೆ ಎಂಬುದು ಗೊತ್ತಿದ್ದ ಪಾಲಕರಿಗೂ ಒಂದು ತೊಡಕು ಎದುರಾಗುತ್ತದೆ. ಮಗನ ಶಾಲೆಯಲ್ಲಿ ಸ್ಕೌಟ್ ದಳವಿರುತ್ತದೆ, ಮಗಳ ಶಾಲೆಯಲ್ಲಿ ಗೈಡ್ ದಳವಿರುವುದಿಲ್ಲ. ಅಣ್ಣ ಶಿಬಿರಕ್ಕೆ ಹೊರಟಾಗ ತಂಗಿ ಮನೆಯಲ್ಲಿ ಉಳಿಯುತ್ತಾಳೆ. ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ–ಬನಹಟ್ಟಿ ಭಾಗದಲ್ಲಿ ಇಂಥ ಪರಿಸ್ಥಿತಿ ಎದುರಿಸುವ ಪಾಲಕರಿಗೆ ಹಾಗೂ ಶಿಕ್ಷಕರಿಗೆ ಉಪಯುಕ್ತವಾಗಬಹುದಾದ ಮಾಹಿತಿ ಇಲ್ಲಿದೆ.

ಮೊದಲಿಗೆ, ಯಾವ ಸಂಸ್ಥೆ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಶಾಲೆಗಳಲ್ಲಿ ಎನ್‌ಸಿಸಿ, ಭಾರತ ಸೇವಾದಳ, ಸ್ಕೌಟ್ಸ್–ಗೈಡ್ಸ್ ಮೂರೂ ಕಾಣಸಿಗುವುದರಿಂದ ಒಂದನ್ನು ಮತ್ತೊಂದೆಂದು ತಿಳಿಯುವುದು ಸಾಮಾನ್ಯ. ಎನ್‌ಸಿಸಿ ರಕ್ಷಣಾ ಇಲಾಖೆಗೆ ಸೇರಿದ್ದು. ಸೇವಾದಳ ಈ ಭಾಗಕ್ಕೆ ಹೊಸದಲ್ಲ, ಡಾ. ನಾ.ಸು. ಹರ್ಡೀಕರ ಅವರು 1923ರಲ್ಲಿ ಆರಂಭಿಸಿದ ಹಿಂದೂಸ್ತಾನಿ ಸೇವಾದಳದ ಪರಂಪರೆಯಿಂದ ಬಂದ ಅದರಲ್ಲಿ ಬಾಲಕ, ಬಾಲಕಿಯರು ಒಟ್ಟಿಗೇ ಕವಾಯತು ಮಾಡುತ್ತಾರೆ. ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯ ರಚನೆ ಇವೆರಡಕ್ಕಿಂತ ಭಿನ್ನ. ಹೆಸರಿನಲ್ಲಿ ಸಾಮ್ಯವಿರುವ ಹಿಂದೂಸ್ತಾನ್ ಸ್ಕೌಟ್ಸ್ ಆ್ಯಂಡ್ ಗೈಡ್ಸ್ ಎಂಬ ಮತ್ತೊಂದು ಸಂಸ್ಥೆಯೂ ದೇಶದಲ್ಲಿದೆ. ಸ್ಕೌಟ್‌ಗಳ ಹಾಗೂ ಗೈಡ್‌ಗಳ ಎರಡೂ ವಿಶ್ವ ಸಂಸ್ಥೆಗಳ ಸದಸ್ಯತ್ವ ಇರುವುದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್‌ಗೆ. ಶುಲ್ಕ ಕಟ್ಟುವ ಮುನ್ನ ಯಾವ ಸಂಸ್ಥೆಯ ನೋಂದಣಿ ಎಂದು ಕೇಳಿಕೊಳ್ಳುವುದು ಒಳಿತು.

ಒಂದೇ ಸಂಸ್ಥೆ, ಎರಡು ವಿಭಾಗ

ಚಳವಳಿಯ ಆರಂಭದಲ್ಲಿಯೇ ಹುಡುಗಿಯರ ಪ್ರಶ್ನೆ ಎದ್ದಿತ್ತು. ಬೇಡನ್ ಪೊವೆಲ್ 1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ನಡೆಸಿದ ಪ್ರಾಯೋಗಿಕ ಶಿಬಿರದಲ್ಲಿ ಇದ್ದವರು ಹುಡುಗರು ಮಾತ್ರ. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಸ್ಕೌಟ್‌ಗಳ ಮೇಳ ನಡೆದಾಗ ಕೆಲವು ಹುಡುಗಿಯರು ಕರೆಯದೇ ಬಂದು, ತಾವೂ ಸ್ಕೌಟ್‌ಗಳೇ ಎಂದು ನಿಂತರು. ಅದರ ಫಲವಾಗಿ 1910ರಲ್ಲಿ ಗೈಡ್ ಸಂಸ್ಥೆ ಪ್ರತ್ಯೇಕವಾಗಿ ಹುಟ್ಟಿತು. ಭಾರತದಲ್ಲಿ ಸ್ಕೌಟಿಂಗ್ 1909ರಲ್ಲಿ ಬೆಂಗಳೂರಿನಲ್ಲಿಯೂ, ಗೈಡಿಂಗ್ 1911ರಲ್ಲಿ ಜಬಲ್ಪುರದಲ್ಲಿಯೂ ಆರಂಭವಾದವು. ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು ಬೇರೆ ಬೇರೆ ಸ್ಕೌಟ್ ಸಂಸ್ಥೆಗಳು ವಿಲೀನಗೊಂಡು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ರಚನೆಯಾಯಿತು. 1951ರ ಆಗಸ್ಟ್ 15ರಂದು ಗೈಡ್ ಸಂಸ್ಥೆಯೂ ಸೇರಿಕೊಂಡಿತು. ಬ್ರಿಟನ್ನಿನ ಸ್ಕೌಟ್ ಸಂಸ್ಥೆ ಎಲ್ಲ ವಯೋಮಾನದ ದಳಗಳಿಗೆ ಹುಡುಗಿಯರನ್ನು ಸೇರಿಸಿಕೊಳ್ಳಲು ಅವಕಾಶ ಕೊಟ್ಟದ್ದು 1991ರಲ್ಲಿ. ಅಮೆರಿಕದ ಬಾಯ್ ಸ್ಕೌಟ್ಸ್ ಸಂಸ್ಥೆ 2018ರಿಂದ ಹುಡುಗಿಯರಿಗೆ ಬಾಗಿಲು ತೆರೆದು, 2025ರಲ್ಲಿ ತನ್ನ ಹೆಸರಿನಿಂದ ‘ಬಾಯ್’ ಎಂಬ ಪದವನ್ನೇ ಕೈಬಿಟ್ಟಿತು. ಒಂದೇ ಸೂರಿನ ವಿಷಯದಲ್ಲಿ ಭಾರತ ಇವರಿಬ್ಬರಿಗಿಂತಲೂ ಮುಂದಿತ್ತು ಎನ್ನಬಹುದು.

ಆದರೆ ಸೂರು ಒಂದಾದರೂ ಕೋಣೆಗಳು ಬೇರೆ. ಮೂರರಿಂದ ಆರು ವರ್ಷದೊಳಗಿನ ‘ಬನ್ನಿ’ ವಿಭಾಗದಲ್ಲಿ ಮಾತ್ರ ಗಂಡು, ಹೆಣ್ಣು ಮಕ್ಕಳು ಒಟ್ಟಿಗೆ ಇರುತ್ತಾರೆ. (ಮೊಲದ ಮರಿ ಎಂಬ ಅರ್ಥದ ಈ ಇಂಗ್ಲಿಷ್ ಪದ ಕನ್ನಡದ ಕಿವಿಗೆ ಆಮಂತ್ರಣದಂತೆ ಕೇಳಿಸುವುದು ಆಕಸ್ಮಿಕ.) ಬಳಿಕ ಸುಮಾರು ಹತ್ತು ವರ್ಷದವರೆಗೆ ಬಾಲಕರಿಗೆ ಕಬ್, ಬಾಲಕಿಯರಿಗೆ ಬುಲ್‌ಬುಲ್, ಹತ್ತರ ನಂತರ ಪ್ರೌಢಶಾಲೆ ಮುಗಿಯುವವರೆಗೆ ಸ್ಕೌಟ್ ಹಾಗೂ ಗೈಡ್, ಕಾಲೇಜಿನ ವಯಸ್ಸಿನಲ್ಲಿ, 25 ವರ್ಷದವರೆಗೆ ರೋವರ್ ಹಾಗೂ ರೇಂಜರ್. ಪ್ರತಿ ಜೋಡಿಯ ಪಠ್ಯಕ್ರಮ ಬಹುಮಟ್ಟಿಗೆ ಒಂದೇ. ದಳ, ನಾಯಕರು ಹಾಗೂ ನೋಂದಣಿ ಬೇರೆ. ಆದ್ದರಿಂದ ನಮ್ಮಲ್ಲಿ ‘ಜಂಟಿ’ ಎಂದರೆ ಒಂದೇ ದಳದಲ್ಲಿ ಇಬ್ಬರೂ ಎಂದಲ್ಲ. ಒಂದೇ ಅಂಗಳದಲ್ಲಿ, ಒಂದೇ ದಿನ ಎರಡೂ ದಳಗಳು ಎಂದರ್ಥ. ಪ್ರಾರ್ಥನೆ, ಧ್ವಜಾರೋಹಣ, ಸೇವಾಕಾರ್ಯ, ಮೇಳಗಳಲ್ಲಿ ಇಬ್ಬರೂ ಕೂಡುತ್ತಾರೆ. 2022ರ ಡಿಸೆಂಬರ್‌ನಲ್ಲಿ ಮೂಡುಬಿದಿರೆಯ ಆಳ್ವಾಸ್ ಆವರಣದಲ್ಲಿ ಜರುಗಿದ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ಇದಕ್ಕೆ ದೊಡ್ಡ ನಿದರ್ಶನ.

ಎಲ್ಲಿ ವಿಚಾರಿಸಬೇಕು?

ದಳಗಳಲ್ಲಿ ಎರಡು ಬಗೆ. ಶಾಲೆ ಅಥವಾ ಸಂಸ್ಥೆಯೊಂದು ತನ್ನ ವಿದ್ಯಾರ್ಥಿಗಳಿಗಾಗಿ ನಡೆಸುವುದು ಒಂದು. ಯಾವ ಶಾಲೆಯ ಮಕ್ಕಳಾದರೂ ಸೇರಬಹುದಾದ ಮುಕ್ತ ದಳ ಇನ್ನೊಂದು. ಮಗುವಿನ ಶಾಲೆಯ ಮುಖ್ಯಾಧ್ಯಾಪಕರಲ್ಲಿ ಮೊದಲು ಕೇಳಬೇಕು. ಅಲ್ಲಿ ಇಲ್ಲವಾದರೆ ತಾಲ್ಲೂಕು ಮಟ್ಟದ ಸ್ಥಳೀಯ ಸಂಸ್ಥೆಯ ಕಾರ್ಯದರ್ಶಿಯನ್ನು ಕಾಣಬೇಕು. ಅವರು ಯಾರೆಂಬುದು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ತಿಳಿಯುತ್ತದೆ. ಅದರ ಮೇಲೆ ಬಾಗಲಕೋಟೆಯ ಜಿಲ್ಲಾ ಸಂಸ್ಥೆ, ಬೆಂಗಳೂರಿನ ರಾಜ್ಯ ಸಂಸ್ಥೆ. ಪಿಯು ಹಾಗೂ ಪದವಿ ಕಾಲೇಜುಗಳ ರೋವರ್–ರೇಂಜರ್ ಘಟಕಗಳನ್ನೂ ವಿಚಾರಿಸುವುದು ಲೇಸು. ಹೊಸ ದಳಕ್ಕೆ ಬೇಕಾದ ಯುವ ನಾಯಕರು ಸಿಗುವುದು ಅಲ್ಲಿಯೇ.

ದಳವನ್ನು ಕಂಡ ಕೂಡಲೇ ಹೆಸರು ಬರೆಸುವ ಅವಸರ ಬೇಡ. ಒಂದೆರಡು ವಾರ ಹೋಗಿ ನೋಡಬೇಕು. ಆರರಿಂದ ಎಂಟು ಮಕ್ಕಳ ‘ಪೆಟ್ರೋಲ್’ಗಳಾಗಿ (ಗಾಡಿಗೆ ಹಾಕುವ ಪೆಟ್ರೋಲಿಗೂ ಇದಕ್ಕೂ ಸಂಬಂಧವಿಲ್ಲ) ಮಕ್ಕಳೇ ತಮ್ಮ ನಾಯಕರ ಕೈಕೆಳಗೆ ಕೆಲಸ ಮಾಡುತ್ತಿದ್ದರೆ ಅದು ಜೀವಂತ ದಳ. ರಾಷ್ಟ್ರೀಯ ಹಬ್ಬಗಳ ಮುನ್ನಾ ವಾರ ಮಾತ್ರ ಕವಾಯತಿಗೆ ಕೂಡುವುದಾದರೆ ಅಲ್ಲಿ ಸಮವಸ್ತ್ರವಿದೆ, ಸ್ಕೌಟಿಂಗ್ ಇಲ್ಲ. ಸಮವಸ್ತ್ರವನ್ನೂ ಮೊದಲೇ ಹೊಲಿಸಬೇಕಾಗಿಲ್ಲ. ‘ಪ್ರವೇಶ’ ಹಂತ ಮುಗಿಸಿ, ಪ್ರತಿಜ್ಞೆ ಸ್ವೀಕರಿಸಿದ ಮೇಲೆಯೇ ಮಗುವಿಗೆ ಬ್ಯಾಜು ಹಾಗೂ ಸ್ಕಾರ್ಫಿನ ಅಧಿಕಾರ ದೊರೆಯುತ್ತದೆ.

ತೊಡಕು ಅನುಮತಿಯದಲ್ಲ, ನಾಯಕಿಯದು

ಹೊಸದಾಗಿ ದಳ ಕಟ್ಟಲು ಹೊರಟವರು ಮೊದಲು ಯೋಚಿಸುವುದು ಮೈದಾನ, ಹಣ ಹಾಗೂ ಅನುಮತಿಯ ಬಗ್ಗೆ. ಇವು ಮೂರೂ ಸಿಗುವಂಥವೇ. ಶಾಲೆಯ ಅಂಗಳ ರವಿವಾರ ಖಾಲಿ ಇರುತ್ತದೆ. ಹಗ್ಗ, ಕೋಲು, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಧ್ವಜ ಇಷ್ಟರಿಂದ ಕೆಲಸ ಆರಂಭಿಸಬಹುದು. ಸಿಗದಿರುವುದು ಬಾಲಕಿಯರ ದಳವನ್ನು ನಡೆಸಲು ಒಪ್ಪುವ ಮಹಿಳೆ. ಸ್ಕೌಟ್ ದಳಕ್ಕೆ ಸ್ಕೌಟ್ ಮಾಸ್ಟರ್ ಇರುವಂತೆ ಗೈಡ್ ದಳಕ್ಕೆ ಗೈಡ್ ಕ್ಯಾಪ್ಟನ್ ಇರಲೇಬೇಕು. ಆಕೆ ಇಲ್ಲದಿದ್ದರೆ ಎಷ್ಟೇ ಹುಡುಗಿಯರು ಆಸಕ್ತಿ ತೋರಿದರೂ ದಳ ನೋಂದಣಿಯಾಗುವುದಿಲ್ಲ. ಹೀಗಾಗಿ ಸ್ಕೌಟ್ ದಳವನ್ನು ಮೊದಲು ಆರಂಭಿಸೋಣ, ಗೈಡ್ ದಳವನ್ನು ಬರುವ ವರ್ಷ ನೋಡೋಣ ಎಂಬ ತೀರ್ಮಾನಕ್ಕೆ ಬಂದರೆ ಆ ಬರುವ ವರ್ಷ ಬಾರದೇ ಹೋಗುವ ಸಂಭವವೇ ಹೆಚ್ಚು. ನಾಯಕಿಯನ್ನು ಮೊದಲು ಹುಡುಕಿ, ಎರಡೂ ದಳಗಳನ್ನು ಒಂದೇ ದಿನ ಆರಂಭಿಸುವುದು ಸೂಕ್ತ.

ಆಕೆ ಶಿಕ್ಷಕಿಯೇ ಆಗಿರಬೇಕೆಂದಿಲ್ಲ. ಮುಕ್ತ ದಳಕ್ಕೆ ದಾದಿ, ಬ್ಯಾಂಕ್ ಉದ್ಯೋಗಿ, ಹಿಂದೆ ರೇಂಜರ್ ಆಗಿದ್ದ ಪದವೀಧರೆ ಅಥವಾ ಮಕ್ಕಳ ತಾಯಂದಿರಲ್ಲೇ ಒಬ್ಬರು ಮುಂದೆ ಬರಬಹುದು. ಅವರಿಗೆ ಬೇಕಾದುದು ಬೇಸಿಕ್ ತರಬೇತಿ. ಮುಂದೆ ಅಡ್ವಾನ್ಸ್ಡ್, ಹಿಮಾಲಯ ವುಡ್ ಬ್ಯಾಜ್ ಎಂಬ ಹಂತಗಳಿವೆ. ದಾವಣಗೆರೆ ಸಮೀಪದ ಕೊಂಡಜ್ಜಿ ಹಾಗೂ ದೊಡ್ಡಬಳ್ಳಾಪುರಗಳಲ್ಲಿ ರಾಜ್ಯ ಸಂಸ್ಥೆಯ ತರಬೇತಿ ಕೇಂದ್ರಗಳಿವೆ. ವಾರಗಟ್ಟಲೆ ಮನೆ ಬಿಟ್ಟು ಹೋಗಿ ತರಬೇತಿ ಪಡೆಯುವುದು ಗೃಹಿಣಿಯೊಬ್ಬಳಿಗೆ ಸುಲಭದ ಮಾತಲ್ಲ. ಪಾಲಕರ ಸಮಿತಿ ನಿಜವಾಗಿ ನೆರವಾಗಬೇಕಾದುದು ಇಲ್ಲಿ: ಪ್ರಯಾಣದ ವೆಚ್ಚ ಭರಿಸುವುದು, ಸಾಧ್ಯವಾದರೆ ಇಬ್ಬರನ್ನು ಜೊತೆಯಾಗಿ ಕಳುಹಿಸುವುದು. ಒಬ್ಬರೇ ತರಬೇತಿ ಪಡೆದಿದ್ದರೆ ಅವರ ವರ್ಗಾವಣೆಯೊಂದಿಗೆ ದಳವೂ ನಿಂತುಹೋಗುತ್ತದೆ.

ಸುರಕ್ಷತೆಯ ವಿಷಯದಲ್ಲಿ ಸಂಕೋಚ ಸಲ್ಲದು. ಬಾಲಕಿಯರ ಶಿಬಿರಕ್ಕೆ ಮಹಿಳಾ ನಾಯಕಿಯರು ಜೊತೆಗಿರುವುದು, ವಸತಿ ಹಾಗೂ ಶೌಚಾಲಯ ಪ್ರತ್ಯೇಕವಾಗಿರುವುದು, ಪಾಲಕರ ಲಿಖಿತ ಒಪ್ಪಿಗೆ, ಒಬ್ಬ ವಯಸ್ಕ ಹಾಗೂ ಒಂದು ಮಗು ಮಾತ್ರವೇ ಇರುವ ಪ್ರಸಂಗ ಬಾರದಂತೆ ನೋಡಿಕೊಳ್ಳುವುದು ಇವನ್ನು ಮೊದಲ ಸಭೆಯಲ್ಲಿಯೇ ಬರೆದಿಡಬೇಕು. ಮಕ್ಕಳ ಸಹಾಯವಾಣಿ 1098 ಎಂಬ ಸಂಖ್ಯೆ ಪ್ರತಿ ಮಗುವಿಗೂ ತಿಳಿದಿರಲಿ. ಹೆಣ್ಣುಮಕ್ಕಳನ್ನು ಶಿಬಿರಕ್ಕೆ ಕಳುಹಿಸಲು ಹಿಂಜರಿಯುವ ಮನೆಯ ಹಿರಿಯರು ಒಪ್ಪುವುದೂ ಇಂಥ ವ್ಯವಸ್ಥೆಯನ್ನು ಕಣ್ಣಾರೆ ಕಂಡಾಗಲೇ.

ಇಲ್ಲಿಗೆ ಹೊಂದುವ ಕಲಿಕೆ

ಈ ಭಾಗದ ಮಕ್ಕಳಿಗೆ ಪಠ್ಯದ ಕೆಲವು ಅಂಶಗಳು ಮನೆಯಲ್ಲಿಯೇ ಸಿಕ್ಕಿರುತ್ತವೆ. ‘ಪ್ರಥಮ ಸೋಪಾನ’ದಲ್ಲಿ ಕಲಿಸುವ ಗಂಟುಗಳಲ್ಲಿ ಶೀಟ್ ಬೆಂಡ್ ಎಂಬುದೊಂದು. ದಪ್ಪ ಹಗ್ಗಕ್ಕೆ ತೆಳು ಹಗ್ಗವನ್ನು ಜೋಡಿಸುವ ಇದರ ರಚನೆಯೂ ಮಗ್ಗದಲ್ಲಿ ಹರಿದ ನೂಲನ್ನು ಕೂಡಿಸುವ ನೇಕಾರರ ಗಂಟಿನ ರಚನೆಯೂ ಒಂದೇ. ಪುಸ್ತಕ ಹಿಡಿದು ಅದನ್ನು ಕಲಿಸಹೊರಟ ನಾಯಕರಿಗಿಂತ ರಬಕವಿ, ಬನಹಟ್ಟಿಯ ನೇಕಾರರ ಮಕ್ಕಳು ಬೇಗ ಕಟ್ಟಿ ತೋರಿಸಿಯಾರು.

ಇನ್ನೊಂದು ಅಂಶ ನದಿಯದು. 2019ರ ಆಗಸ್ಟ್‌ನಲ್ಲಿ ಕೃಷ್ಣಾ ಹಾಗೂ ಘಟಪ್ರಭಾ ನದಿಗಳು ಉಕ್ಕಿದಾಗ ಜಮಖಂಡಿ ತಾಲ್ಲೂಕಿನ ಮುತ್ತೂರು, ತುಬಚಿ, ಶೂರ್ಪಾಲಿ, ರಬಕವಿ–ಬನಹಟ್ಟಿ ಭಾಗದ ಅಸ್ಕಿ, ತಮದಡ್ಡಿ ಮೊದಲಾದ ಊರುಗಳು ಹಾಗೂ ಮುಧೋಳದ ನದಿತೀರ ಸಂಕಷ್ಟಕ್ಕೀಡಾದವು. 2021ರಲ್ಲಿ ಮತ್ತೆ ಪ್ರವಾಹ ಬಂತು. ಮಕ್ಕಳನ್ನು ನೀರಿಗಿಳಿಸುವುದು ಯಾವ ಕಾರಣಕ್ಕೂ ಸಲ್ಲದು. ಆದರೆ ಗಂಜಿ ಕೇಂದ್ರಗಳಲ್ಲಿ ಹೆಸರು ಬರೆದುಕೊಳ್ಳುವುದು, ಕುಡಿಯುವ ನೀರನ್ನು ಶುದ್ಧೀಕರಿಸುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಚಿಕ್ಕ ಮಕ್ಕಳನ್ನು ಆಡಿಸುವುದು ತರಬೇತಿ ಪಡೆದ ಹಿರಿಯ ಸ್ಕೌಟ್, ಗೈಡ್‌ಗಳಿಂದ ಆಗುವ ಕೆಲಸ. ಅಂಥ ಕೇಂದ್ರದಲ್ಲಿ ಬಾಣಂತಿಯರೂ ಕಿಶೋರಿಯರೂ ತಮಗೆ ಏನು ಬೇಕೆಂದು ಹುಡುಗರ ಮುಂದೆ ಹೇಳಿಕೊಳ್ಳಲಾರರು. ಸ್ಕೌಟ್ ದಳವೊಂದೇ ಇರುವ ಊರಿನಲ್ಲಿ ಸೇವೆಯ ಅರ್ಧ ಭಾಗ ಬಿಟ್ಟುಹೋಗುವುದು ಹೀಗೆ.

ಪ್ರಥಮ, ದ್ವಿತೀಯ, ತೃತೀಯ ಸೋಪಾನಗಳ ನಂತರ ರಾಜ್ಯ ಪುರಸ್ಕಾರ, ಬಳಿಕ ರಾಷ್ಟ್ರಪತಿ ಪುರಸ್ಕಾರ. ಎಂಟನೆಯ ತರಗತಿಯಲ್ಲಿ ಸೇರಿದವರಿಗೆ ಎಸ್ಸೆಸ್ಸೆಲ್ಸಿ ಅಡ್ಡ ಬರುತ್ತದೆ. ಐದು ಅಥವಾ ಆರನೆಯ ತರಗತಿಯಲ್ಲಿ ಸೇರುವುದು ಮೇಲು. ರೈಲ್ವೆ ಇಲಾಖೆ ಸ್ಕೌಟ್ಸ್–ಗೈಡ್ಸ್ ಕೋಟಾದಡಿ ನೇಮಕಾತಿ ನಡೆಸುತ್ತದೆ. ಹುದ್ದೆಗಳು ಬೆರಳೆಣಿಕೆಯಷ್ಟು, ಅದಕ್ಕಾಗಿಯೇ ಮಗುವನ್ನು ಸೇರಿಸುವುದು ವಿವೇಕವಲ್ಲ. ಆದರೆ ಪುರಸ್ಕಾರದ ಪ್ರಮಾಣಪತ್ರ ಬೇಕಾದವರು ಒಂದು ವಿಷಯವನ್ನು ಮರೆಯುವಂತಿಲ್ಲ: ದಳದ ನೋಂದಣಿಯನ್ನು ಪ್ರತಿ ವರ್ಷ ಶುಲ್ಕ ಹಾಗೂ ಸದಸ್ಯರ ಗಣತಿಯೊಂದಿಗೆ ನವೀಕರಿಸಬೇಕು. ಅದರ ರಸೀದಿಯ ಪ್ರತಿಯೊಂದನ್ನು ದಳದ ಕಡತದಲ್ಲಿಯೂ, ಇನ್ನೊಂದನ್ನು ಪಾಲಕರ ಸಮಿತಿಯಲ್ಲಿಯೂ ಇಟ್ಟುಕೊಳ್ಳುವುದು ಕ್ಷೇಮ.